ಪರದೆಯಾಚೆಯ ಪ್ರಾಣಿಗಳು

ವಾರಾಂತ್ಯದೊಳಗೆ ವಿಡಿಯೋ ಗೇಮ್ ಕಟ್ಟಿ ಮುಗಿಸುವ ಸ್ಪರ್ಧೆ ಕೆನಡಾದ ವಿನಿಪೆಗ್ ನಗರದಲ್ಲಿ ಎಲ್ಲೇ ನಡೆಯಲಿ, ಕಾಫಿ ಯಂತ್ರದ ಪಕ್ಕದ ಮೇಜು ಓರೆಸ್ಟನದೇ. ಆಯೋಜಕರು ಗೇಮಿನ ವಿಷಯ ಹೇಳಿದ್ದೇ ತಡ, ಬಾಯಲ್ಲೇ ಬ್ರಹ್ಮಸೃಷ್ಟಿ ಮುಗಿಸಿಬಿಡುತ್ತಾನೆ. ಆಮೇಲೆ ಸಮಯ ಸಾಲದೆ ಒಂದೊಂದನ್ನೇ ಕತ್ತರಿಸುತ್ತಾ ಕೂರುತ್ತಾನೆ. ಈ ಸಲದ ವಿಷಯ ಜೀವವಿಕಾಸ ಆದ್ದರಿಂದ ಮೀನು ಕಪ್ಪೆಯಾಗಿ, ಹಲ್ಲಿಯಾಗಿ, ಹಕ್ಕಿಯಾಗಿ ಹಾರಬೇಕಿತ್ತು. ಶನಿವಾರ ಊಟದ ಹೊತ್ತಿಗೆ ಹಕ್ಕಿ ಹೋಯಿತು. ಭಾನುವಾರ ಬೆಳಗ್ಗೆ ಹಲ್ಲಿ, ಆಮೇಲೆ ಕಪ್ಪೆ. ಎಲ್ಲಕ್ಕೂ ತಂಡದ ಜೊತೆಗಾತಿ ಟೆಸ್ಸಾಗೆ ಅವನು ಹೇಳಿದ್ದು ಒಂದೇ ಮಂತ್ರ: "ಡೆಡ್‌ಲೈನ್ ಅನ್ನೋದೇ ಪ್ರಕೃತಿ ಕಣಮ್ಮ, ತಾಳದೇ ಇದ್ದದ್ದು ಉದುರತ್ತೆ." ಉಳಿದದ್ದು ಬಲಕ್ಕೆ ಮಾತ್ರ ಈಜಬಲ್ಲ ಒಂದು ಮೀನು. ಅದೂ ತಡೆತಡೆದು ತೆವಳುತ್ತಿತ್ತು. ಯಾಕೆಂದು ಟೆಸ್ಸಾ ಹುಡುಕಿ ನೋಡಿದರೆ, ಕತ್ತರಿಸಿದ ಪ್ರಾಣಿಗಳನ್ನು ಅವನು ಅಳಿಸಿಯೇ ಇರಲಿಲ್ಲ. ಆಡುವವರಿಗೆ ಕಾಣದಂತೆ ಪರದೆಯ ಅಂಚಿನಾಚೆ ಸಾಲಾಗಿ ನಿಲ್ಲಿಸಿದ್ದ. ಅಲ್ಲಿ ಕಪ್ಪೆ ಗಂಟಲು ಉಬ್ಬಿಸುತ್ತಿತ್ತು, ಹಕ್ಕಿ ಕಣ್ಣು ಮಿಟುಕಿಸುತ್ತಿತ್ತು; ಕಂಪ್ಯೂಟರಿನ ಶಕ್ತಿಯೆಲ್ಲ ಅತ್ತಲೇ ಹೋಗುತ್ತಿತ್ತು. "ಅಯ್ಯೋ ಪುಣ್ಯಾತ್ಮ, ಇವನ್ನೆಲ್ಲ ಯಾಕೆ ಇಟ್ಕೊಂಡಿದ್ದೀಯ? ಅಳಿಸು, ಟೈಮಿಲ್ಲ!" ಎಂದಳು. ಅವನು ಮೌಸನ್ನು ಅವಳತ್ತ ತಳ್ಳಿದ. "ನೀನೇ ಅಳಿಸು. ಕೂದಲು ನರೆಯೋವರೆಗೂ ದುಡಿಸ್ಕೊಂಡ ಕಂಪನಿಯವರು ನನ್ನನ್ನ ಕೆಲಸದಿಂದ ತೆಗೆದಾಗ್ಲೂ ಟೈಮಿಲ್ಲ ಅಂತಾನೇ ಅಂದ್ರು. ಇವನಿನ್ನೂ ಉಸಿರಾಡ್ತಿದಾನಾ ಅಂತ ಒಬ್ರೂ ತಿರುಗಿ ನೋಡ್ಲಿಲ್ಲ." ಟೆಸ್ಸಾ ಗಡಿಯಾರ ನೋಡಿದಳು, ಅಳಿಸಿದಳು. ಮೀನು ಸರಾಗವಾಗಿ ಈಜಿತು.