ಶುಕ್ರವಾರದ ದೆವ್ವ ಮತ್ತು ನಮ್ಮ ಅಟ್ಟ

ನಗಬೇಡಿ ಕಣ್ರಪ್ಪಾ, ಬರೆಯುವಾಗಲೂ ಅಟ್ಟದ ಕಡೆಗೇ ನೋಡುತ್ತಿದ್ದೇನೆ. ಬಿಳಿಗೆರೆಯ ನಮ್ಮ ಮನೆಗೆ ಟೀವಿ ಬಂದು ಇದೇ ಮೊದಲ ವಾರ. ಸೋಮವಾರ ಪತ್ತೇದಾರಿ ಕಥೆ ನೋಡಿ ಅತ್ತೆಗೆ ಹಾಲಿನವನ ಮೇಲೆ ಅನುಮಾನ ಬಂತು. ಬುಧವಾರ ಸಂಸಾರದ ಕಥೆ ನೋಡಿ ನನ್ನ ಮೇಲೆ. ಇವತ್ತು ದೆವ್ವದ್ದು. ಹಿಂದಿ ನಮಗಾರಿಗೂ ಬಾರದು, ಹೆದರಿಕೆ ಮಾತ್ರ ಪೂರ್ತಿ ಅರ್ಥವಾಯಿತು.

ಪಾಳುಮನೆಯ ಬಾಗಿಲು ತಾನಾಗಿ ತೆರೆಯುವಾಗಲೇ ಕರೆಂಟ್ ಹೋಯಿತು. ನಮ್ಮ ನೆತ್ತಿಯ ಮೇಲೆ ಏನೋ ದಡದಡ ಉರುಳಿ, ಗೋಡೆಗೆ ಬಡಿದು ನಿಂತಿತು.

"ಯಾರ್ಲಾ ಅದು?" ಎನ್ನುತ್ತಾ ಮಾವ ಪಕ್ಕದ ಕಂಬ ಅಪ್ಪಿಕೊಂಡರು. ಅತ್ತೆ ನನ್ನ ತೋಳಿಗೆ ಉಗುರು ಇಳಿಸಿದರು. ಇನ್ನೊಂದು ಉರುಳಿತು. ಅದರೊಳಗೆ ಏನೋ ಲೊಡಲೊಡ ಅಲ್ಲಾಡಿತು.

ಅತ್ತೆಯ ಹಿಡಿತ ಸಡಿಲವಾಯಿತು. "ಅಯ್ಯೋ, ಅಟ್ಟದಾಗೆ ಕೊಬ್ರಿಗೆ ಒಣಗಾಕಿರೋ ಕಾಯಿ ಕಣ್ರೀ! ಇಲಿ ಉರುಳುಸ್ತಾ ಅದೆ."

ಹುಟ್ಟಿದಾಗಿನಿಂದ ಅದೇ ಅಟ್ಟದ ಕೆಳಗೆ ಮಲಗಿದ ಮಾವ ಅಪ್ಪಿಕೊಂಡಿದ್ದ ಕಂಬ ಬಿಡಲಿಲ್ಲ. "ನಾಳೇನೇ ಎಲ್ಲಾ ಇಳ್ಸಿ ಮಾರ್ಬುಡಾನ."

"ಒಂದೆರಡು ಒಣಗಿ ಒಳಗೆ ಕೊಬ್ರಿ ಅಲ್ಲಾಡಿದ್ರೆ ಆಯ್ತಾ?" ಎಂದರು ಅತ್ತೆ. " ಮಿಕ್ಕಿದ್ದು ಯುಗಾದಿಗಂಟ ಒಣಗ್ಲಿ ಬುಡಿ."

ಟೀವಿಯ ದೆವ್ವ ಇನ್ನು ಬರುವುದು ಮುಂದಿನ ಶುಕ್ರವಾರ. ನಮ್ಮದು ಯುಗಾದಿಯವರೆಗೂ ಮೇಲೆಯೇ ಇರುತ್ತದೆ. ಕೆಳಗೆ ಹಾಸಿಗೆ ಹಾಸಿ ಆಗಿದೆ, ಮೊದಲು ಮಲಗಲು ಯಾರೂ ಒಪ್ಪುತ್ತಿಲ್ಲ.