ನಲವತ್ತೆರಡು ಮನೆಯ ರುದ್ರವ್ವ

ರುದ್ರವ್ವನಿಗೆ ಸುಮ್ಮನಿರುವುದು ಹುಟ್ಟಿನಿಂದಲೇ ಬಾರದು. ಪಕ್ಕದ ಮನೆಯಲ್ಲಿ ಹಾಲುಕ್ಕಿದರೆ ಒಲೆ ಆರಿಸಲು ಇವಳೇ ಓಡಬೇಕು. ಎದುರು ಮನೆಯ ಗಂಡ ಹೆಂಡತಿ ಕಚ್ಚಾಡಿದರೆ ಯಾರೂ ಕರೆಯದಿದ್ದರೂ ಹೋಗಿ ಇಬ್ಬರಿಗೂ ಬೈದು, ರೊಟ್ಟಿ ತಿಂದು ಬರುತ್ತಿದ್ದಳು. ಗಂಡ ಕಟ್ಟಡದ ಮೇಲಿಂದ ಬಿದ್ದು ಸತ್ತಾಗ ಅವಳಿಗೆ ಇಪ್ಪತ್ತೆಂಟು ವರ್ಷ, ಮಕ್ಕಳಿಲ್ಲ. ಊರಿಗೆ ಹೋಗು ಎಂದವರಿಗೆ, ಊರಾಗ ಯಾರದಾರ, ನನ್ನ ಊರು ಇದೇ ಅಂದುಬಿಟ್ಟಳು.

ಇದೇ ಅಂದರೆ ಯಾವುದು? ಮುಂಬಯಿಯ ಆಂಟಾಪ್ ಹಿಲ್ಲಿನ ಆಚೆ, ಉಪ್ಪಿನ ಗದ್ದೆಗಳು ಮುಗಿದು ಸಮುದ್ರದ ಹಿನ್ನೀರಿನ ಖಾಡಿ ಶುರುವಾಗುವಲ್ಲಿ ನಲವತ್ತೆರಡು ಗುಡಿಸಲುಗಳ ಒಂದು ವಸ್ತಿ. ಎಲ್ಲರೂ ಗುಲಬರ್ಗಾ ಸೀಮೆಯವರು. ಗಂಡಸರು ಗಾರೆ ಕೆಲಸದವರು, ಹೆಂಗಸರು ಬುಟ್ಟಿ ಹೊರುವವರು. ಅವರು ಬಂದಾಗ ಅಲ್ಲಿ ನೆಲವೇ ಇರಲಿಲ್ಲ, ಮೊಣಕಾಲುದ್ದದ ಕೆಸರು. ದಿನಾ ಕೆಲಸ ಮುಗಿಸಿ ಬರುವಾಗ ತಲೆಗೊಂದು ಬುಟ್ಟಿ ಇಟ್ಟಿಗೆ ಚೂರು ಹೊತ್ತು ತಂದು ಸುರಿದರು. ಹೀಗೆ ಎರಡು ವರ್ಷ ಸುರಿದ ಮೇಲೆ ಕಾಲೂರಲು ಜಾಗವಾಯಿತು. ಮುಂಬಯಿಯಲ್ಲಿ ನೆಲ ಮಾಡಿಕೊಂಡು ಮನೆ ಕಟ್ಟಿದ ಜನ ಅವರು. ಅಂಥವರಿಗೆ ನೀವು ಇಲ್ಲಿಯವರಲ್ಲ ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಎಪ್ಪತ್ತೊಂದರಲ್ಲಿ ಒಂದು ಕಂಪನಿಯವರು ಬಂದು ಖಾಡಿಯ ದಂಡೆಗೆ ಬಣ್ಣದ ಬೋರ್ಡು ನೆಟ್ಟು ಹೋದರು. ಸ್ಟೇಶನ್ ರಸ್ತೆಯಲ್ಲಿ ಚಹಾದ ಹೋಟೆಲಿಟ್ಟಿದ್ದ ಕೊರಗಪ್ಪ ಅದನ್ನು ಓದಿ ಹೇಳಿದ. ಅವನು ಉಡುಪಿ ಕಡೆಯವನು. ಪೇಪರು, ಅರ್ಜಿ, ಕೋರ್ಟಿನ ಕಾಗದ ಏನಿದ್ದರೂ ವಸ್ತಿಯವರು ಅವನ ಗಲ್ಲೆಯ ಮುಂದೆಯೇ ಬಂದು ನಿಲ್ಲುತ್ತಿದ್ದರು.

"ಖಾಡಿ ಪೂರ್ತಿ ತುಂಬಿಸ್ತಾರಂತೆ. ಹದಿನಾಲ್ಕು ಮಾಳಿಗೆಯ ಆರು ಬಿಲ್ಡಿಂಗ್ ಉಂಟು ಇದರಲ್ಲಿ. ಎಲ್ಲ ಮನೆಗೂ ಸಮುದ್ರದ ಗಾಳಿ ಅಂತ ಬರ್ದಿದ್ದಾರೆ."

"ನಮಗ ಈಗ್ಲೇ ಬರ್ತದಲ್ಲ ಗಾಳಿ!" ಎಂದಳು ರುದ್ರವ್ವ. "ನಾವೇನ್ ಮಾಳಿಗಿ ಕೇಳೀವೇನು?"

ಮರುವರ್ಷದ ಮಳೆಗಾಲದಲ್ಲಿ ಕಂಪನಿಯ ಗುಮಾಸ್ತ ನೋಟೀಸು ಹಿಡಿದು ಬಂದ. ಮನೆ ಮನೆಗೆ ಹೋಗಿ ಯಜಮಾನನ ಹೆಸರು ಬರೆದು ಕೊಡಬೇಕಿತ್ತು. ಗಂಡಸರೆಲ್ಲ ಕೂಲಿಗಾಗಿ ರಸ್ತೆ ಕೂಡುವ ನಾಕಾದಲ್ಲಿ ನಿಂತಿದ್ದರು, ಮನೆಯಲ್ಲಿ ಹೆಂಗಸರಷ್ಟೇ. ಮೊದಲನೆಯ ಮನೆ ದಾನವ್ವನದು. ದಾನವ್ವ ರುದ್ರವ್ವನಿಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು, ಮೆತ್ತನೆಯ ಹೆಣ್ಣು, ಅಕ್ಕಾ ಅಕ್ಕಾ ಎಂದು ಅವಳ ಸೆರಗು ಹಿಡಿದೇ ಇರುವವಳು.

"ಆದ್ಮಿ ಕಾ ನಾಮ್?" ಎಂದ ಗುಮಾಸ್ತ.

ದಾನವ್ವ ಸೆರಗು ಬಾಯಿಗಿಟ್ಟು ನಿಂತಳು. ಗಂಡನ ಹೆಸರು ಹೆಂಡತಿ ಬಾಯಲ್ಲಿ ಬರುವುದುಂಟೇ? ಅವನ ಹೆಸರು ಚಂದ್ರಾಮ. ಹುಣ್ಣಿಮೆಯ ದಿನ ಮಗುವಿಗೆ ಆಕಾಶ ತೋರಿಸುವಾಗಲೂ ಅವಳು "ಅಕ್ಕೋ, ಅದು ನೋಡು" ಅನ್ನುತ್ತಿದ್ದಳೇ ಹೊರತು ಚಂದಮಾಮ ಅನ್ನುತ್ತಿರಲಿಲ್ಲ. ಗುಮಾಸ್ತ ಇನ್ನೊಮ್ಮೆ ಗದರಿದ. ಅಷ್ಟರಲ್ಲಿ ರುದ್ರವ್ವ ಹಿಂದಿನಿಂದ ನುಗ್ಗಿದಳು.

"ಲಿಖೋ ಸಾಬ್, ರುದ್ರವ್ವಾ ಕಾ ಘರ್!"

ಅವನು ರುದ್ರವ್ವನ ಮನೆ ಎಂದೇ ಬರೆದುಕೊಂಡ. ಎರಡನೆಯ ಮನೆಯ ಹೆಂಗಸಿಗೂ ಅದೇ ಸಂಕಟ. ಅವಳೂ "ರುದ್ರವ್ವಾ ಕಾ ಘರ್" ಎಂದಳು. ಮೂರನೆಯವಳಿಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಅದನ್ನೇ ಹೇಳಿದಳು. ಕೊನೆಯ ಮನೆ ಮುಟ್ಟುವ ಹೊತ್ತಿಗೆ ಗುಮಾಸ್ತನ ಮುಖ ಹುಳಿ ಹುಳಿಯಾಗಿತ್ತು. ನಲವತ್ತೆರಡು ನೋಟೀಸಿನ ಮೇಲೂ ಒಂದೇ ಹೆಸರು.

ಆ ಕಾಗದ ಮೇಲೆ ಹೋಗಿ ಅಲ್ಲಿಂದ ವಾಪಸು ಬಂತಂತೆ. ಒಬ್ಬ ಕೂಲಿ ಹೆಂಗಸಿಗೆ ನಲವತ್ತೆರಡು ಮನೆಯೇ, ಸರಿಯಾಗಿ ವಿಚಾರಿಸಿ ತನ್ನಿ ಎಂದು ಯಾರೋ ದೊಡ್ಡವರು ಗುಮಾಸ್ತನ ಮುಖಕ್ಕೇ ಎಸೆದರಂತೆ. ಕಂಪನಿಯ ಕೆಲಸ ಒಂದೂವರೆ ವರ್ಷ ನಿಂತೇ ಹೋಯಿತು. ವಸ್ತಿಯಲ್ಲಿ ಆ ದಿನಗಳಲ್ಲಿ ನಕ್ಕಿದ್ದೇ ನಕ್ಕಿದ್ದು. ಗಂಡಸರು ಕೂಡ ರುದ್ರವ್ವನನ್ನು ನೋಡಿ "ಏನ್ರೀ ಮಾಲಕರ, ಬಾಡಿಗಿ ಯಾವಾಗ ಕೊಡಬೇಕು?" ಎಂದು ಚೇಷ್ಟೆ ಮಾಡುತ್ತಿದ್ದರು.

ಎಪ್ಪತ್ನಾಲ್ಕರಲ್ಲಿ ಮಣ್ಣಿನ ಲಾರಿಗಳು ಬಂದಾಗ ಹೆಂಗಸರೆಲ್ಲ ಹೋಗಿ ದಾರಿಗೆ ಅಡ್ಡ ಕೂತರು. ಪೊಲೀಸರು ಹತ್ತೊಂಬತ್ತು ಜನರನ್ನು ಚೌಕಿಗೆ ಕರೆದೊಯ್ದರು. ಹೆಸರು ಕೇಳಿದರೆ ಹತ್ತೊಂಬತ್ತು ಜನರೂ ರುದ್ರವ್ವ. ಹವಾಲ್ದಾರ ಪೆನ್ಸಿಲು ಕೆಳಗಿಟ್ಟು ನಕ್ಕು, ಚಹಾ ಕುಡಿಸಿ ಬಿಟ್ಟುಕಳಿಸಿದ. ಲಾರಿಗಳೂ ತಿರುಗಿ ಹೋದವು.

ಇಲ್ಲಿಯವರೆಗೆ ಅವಳದು ಒಪ್ಪುವ ಮಾತೇ. ಆದರೆ ಆಮೇಲೆ ಅವಳಿಗೆ ಅದು ತಲೆಗೇರಿತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಇಡೀ ವಸ್ತಿ ತನ್ನ ಹೆಸರು ಹೇಳಿ ಬದುಕುತ್ತಿದೆ ಅನ್ನುವುದು ಮಕ್ಕಳಿಲ್ಲದ, ಗಂಡನಿಲ್ಲದ ಹೆಂಗಸಿಗೆ ಸಣ್ಣ ಮಾತೇ? ಬೀದಿಯಲ್ಲಿ ನಡೆಯುವಾಗ ಅವಳ ಕತ್ತು ಒಂದು ಬೆರಳು ಮೇಲೆದ್ದಿತ್ತು. ಯಾರಾದರೂ ತಿರುಗಿ ಮಾತಾಡಿದರೆ ನಾಲ್ಕು ದಿನ ಮುಖ ಊದಿಸಿಕೊಳ್ಳುತ್ತಿದ್ದಳು.

ಎಪ್ಪತ್ತಾರರ ಜನವರಿ. ಎಳ್ಳಮಾವಾಸ್ಯೆ ಆಗ ತಾನೇ ಮುಗಿದಿತ್ತು. ಹೊಲವಿಲ್ಲದ ಆ ಜನ ಖಾಡಿಯ ದಂಡೆಗೇ ಹೋಗಿ, ಭೂಮಿತಾಯಿಗೆ ಸಜ್ಜೆ ರೊಟ್ಟಿ ಪಲ್ಯದ ಚರಗ ಚೆಲ್ಲಿ ಉಂಡು ಬಂದಿದ್ದರು. ಮುಂಬಯಿ ತುಂಬ ಒಂದೇ ಸುದ್ದಿ: ಭಾನುವಾರ ಸರಕಾರದವರು ಗುಡಿಸಲು ಎಣಿಸಲು ಬರುತ್ತಾರೆ, ಯಾರೂ ಕೆಲಸಕ್ಕೆ ಹೋಗಬಾರದು. ಕೊರಗಪ್ಪ ಹೋಟೆಲು ಬಿಟ್ಟು ತಾನೇ ವಸ್ತಿಗೆ ನಡೆದು ಬಂದ.

"ರುದ್ರಕ್ಕ, ಇದು ಕಂಪನಿಯದ್ದಲ್ಲ. ಪೇಪರಲ್ಲಿ ಬಂದದ್ದುಂಟು. ಎಣಿಸಿದ ಮನೆಗೆ ನಂಬರು, ಫೋಟೊ ಹಾಕಿದ ಪಾಸು. ನಾಳೆ ಜಾಗ ತಕ್ಕೊಂಡರೂ ಪಾಸು ಇದ್ದವರಿಗೆ ಬೇರೆ ಜಾಗ ಕೊಡ್ಬೇಕು. ಈ ಸಲ ಎಲ್ಲರೂ ಅವರವರ ಹೆಸರು ಹೇಳ್ಲಿ ಮಾರಾಯ್ರೆ."

"ಕೊರಗಪ್ಪಣ್ಣ, ಪೇಪರಾಗ ಎಷ್ಟೋ ಬರ್ತಾವ. ಹೆಸರು ಬರಕೊಂಡು ಹೋಗಿ ಗಂಡಸರಿಗಿ ಮಕ್ಕಳಾಗಲಾರದಂಗ ಆಪರೇಶನ್ ಮಾಡ್ಲತ್ತಾರಂತ. ಹೆಸರು ಕೊಟ್ಟರ ಕೊರಳು ಕೊಟ್ಟಂಗ."

"ಆ ಹೆದರಿಕೆ ಬೇರೆ, ಇದು ಬೇರೆ. ಒಮ್ಮೆ ನನ್ನ ಮಾತು ಕೇಳಿ."

"ನಾಕ್ ವರ್ಷ ಈ ವಸ್ತಿ ಉಳಿಸಿದ್ದು ಯಾರು? ನಿನ್ನ ಪೇಪರೇನು?"

ಕೊರಗಪ್ಪನ ಮುಖ ಸಣ್ಣದಾಯಿತು. ಇಷ್ಟು ವರ್ಷ ಇವರಿಗಾಗಿ ಅರ್ಜಿ ಬರೆದ ಮನುಷ್ಯ. ಅವನು ಹೋಟೆಲಿಗೆ ತಿರುಗಿ ನಡೆದ.

ಶನಿವಾರ ಸಂಜೆ ರುದ್ರವ್ವ ಮನೆ ಮನೆಗೆ ಹೋಗಿ ಹೇಳಿ ಬಂದಳು. "ನಾಳೆ ಏನ್ ಹೇಳಬೇಕು ಗೊತ್ತದ ಇಲ್ಲೊ?" ಗೊತ್ತದ ಯಕ್ಕಾ ಎಂದರು ಎಲ್ಲರೂ.

ಭಾನುವಾರ ಒಬ್ಬ ನಡುವಯಸ್ಸಿನ ಸಾಹೇಬ, ಒಬ್ಬ ಫೋಟೊದವನು, ಬಾಗಿಲಿಗೆ ನಂಬರಿನ ತಗಡಿನ ಬಿಲ್ಲೆ ಹೊಡೆಯುವ ಒಬ್ಬ ಸಿಪಾಯಿ ಬಂದರು. ಸಾಹೇಬ ಒಳ್ಳೆಯವನೇ. ಮೊದಲನೆಯ ಮನೆಯ ಮುಂದೆ ದಾನವ್ವ, ಚಂದ್ರಾಮ ಇಬ್ಬರೂ ನಿಂತಿದ್ದರು. ರುದ್ರವ್ವ ಸಾಹೇಬನ ಬೆನ್ನ ಹಿಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಯೇ ಘರ್ ಕಿಸ್ಕಾ?"

"ರುದ್ರವ್ವಾ ಕಾ," ಎಂದಳು ದಾನವ್ವ.

ಎರಡನೆಯದು ರುದ್ರವ್ವನದು, ಮೂರನೆಯದೂ ರುದ್ರವ್ವನದು. ಐದನೆಯ ಮನೆಗೆ ಸಾಹೇಬ ನಿಂತು ಕನ್ನಡಕ ತೆಗೆದ. "ಪಕ್ಕಾ? ಸಬ್ ಏಕ್ ಹೀ ಪರಿವಾರ್?" ಎಂದು ಎರಡೆರಡು ಸಲ ಕೇಳಿದ. ಹೌದು ಎಂದರು. ಆಗ ಅವನ ಹಿಂದೆ ನಡೆಯುತ್ತಿದ್ದ ರುದ್ರವ್ವನ ಸಂತೋಷ ಹೇಳತೀರದು. ಮದುವೆಯ ದಿಬ್ಬಣದಲ್ಲಿ ನಡೆದ ಹಾಗೆ ನಡೆದಳು, ಹಾಳಾದ್ದು. ಕೊನೆಗೆ ಸಾಹೇಬ ಬೇಸತ್ತು ಅವಳ ಸ್ವಂತ ಮನೆಯ ಬಾಗಿಲಿಗೆ ಒಂದು ಬಿಲ್ಲೆ ಹೊಡೆಸಿ, ಅವಳ ಒಂದು ಫೋಟೊ ತೆಗೆಸಿ, ಪುಸ್ತಕದಲ್ಲಿ ಉಳಿದ ನಲವತ್ತೊಂದು ಮನೆಗಳ ಮುಂದೆ ಗೆರೆ ಎಳೆದು ಹೋದ.

ಅವರು ಮರೆಯಾಗುತ್ತಲೇ ಜನ ಕೇಕೆ ಹಾಕಿದರು. ರುದ್ರವ್ವ ಎಲ್ಲರಿಗೂ ಬೆಲ್ಲದ ಚಹಾ ಮಾಡಿ ಕೊಟ್ಟಳು.

ಮೇ ತಿಂಗಳಲ್ಲಿ ಹೊಸ ಹುಕುಂ ಬಂತು. ಖಾಡಿಯ ದಂಡೆ ತೆರವಾಗಬೇಕು. ಎಣಿಕೆಯಲ್ಲಿ ಬಂದವರಿಗೆ ಮಾನಖುರ್ದದ ಆಚೆ ಜಾಗ, ಉಳಿದವರು ಹೊರಗೆ. ಎಣಿಕೆಯ ಪ್ರಕಾರ ಆ ವಸ್ತಿಯಲ್ಲಿ ಇದ್ದದ್ದು ಒಂದೇ ಕುಟುಂಬ.

ಕೊರಗಪ್ಪ ಗಲ್ಲೆಯ ಮುಂದೆ ನಿಂತವರಿಗೆ ಅದನ್ನು ಓದಿ ಹೇಳಿದ. ನಾನು ಮೊದಲೇ ಹೇಳಿದ್ದೆ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಬಂದಿದ್ದರೆ ರುದ್ರವ್ವನಿಗೆ ಬೈಯಲಾದರೂ ಒಬ್ಬರು ಸಿಗುತ್ತಿದ್ದರು.

ಮರುದಿನ ಅವಳು ವಸ್ತಿಯ ಜನರನ್ನೆಲ್ಲ ಕರೆದುಕೊಂಡು ಆಫೀಸಿಗೆ ಹೋದಳು. ಅದೇ ಸಾಹೇಬ. ಅವಳು ಅವನ ಮೇಜಿನ ಅಂಚು ಹಿಡಿದು, ತನಗೆ ಬಂದ ಹಿಂದಿಯಲ್ಲಿ, ನಾನು ಸುಳ್ಳು ಹೇಳಿದೆ, ಇವರ್‍ಯಾರೂ ನನ್ನ ಮನೆಯವರಲ್ಲ, ಇವರಿಗೆ ಇವರದೇ ಮನೆಗಳಿವೆ ಎಂದು ಅತ್ತಳು. ಜೀವಮಾನದಲ್ಲಿ ಅವಳು ಒಬ್ಬರ ಮುಂದೆ ಅತ್ತದ್ದು ಅದೇ ಮೊದಲು. ಸಾಹೇಬ ಪುಸ್ತಕ ತಿರುವಿದ.

"ಬಾಯಿ, ಮೈನೇ ದೋ ದೋ ಬಾರ್ ಪೂಛಾ ಥಾ," ಎಂದ. "ಅಬ್ ಕುಛ್ ನಹೀ ಹೋ ಸಕ್ತಾ."

ಕೊರಗಪ್ಪ ಬರೆದ ಅರ್ಜಿಗೆ ಉತ್ತರ ಬರುವ ಮೊದಲೇ ಗುಡಿಸಲುಗಳು ಬಿದ್ದವು. ಈ ಸಲ ಹೆಂಗಸರು ಅಡ್ಡ ಕೂರಲಿಲ್ಲ. ಕೂತು ಏನು ಹೇಳಬೇಕು? ರುದ್ರವ್ವನ ಸಾಮಾನಿಗೆ ಮಾತ್ರ ಸರಕಾರದ ಲಾರಿ ಬಂತು. ಅವಳು ಹೋಗುವುದಿಲ್ಲ ಎಂದು ಇಟ್ಟಿಗೆ ಚೂರಿನ ಮೇಲೆ ಕೂತುಬಿಟ್ಟಳು. ದಾನವ್ವನೇ ಬಂದು ಅವಳ ಕೊಡ, ರೊಟ್ಟಿಯ ಹಂಚು, ಕೌದಿ ಒಂದೊಂದಾಗಿ ಲಾರಿಗೆ ಏರಿಸಿದಳು.

"ಏಳಕ್ಕಾ. ಒಂದ್ ಮನಿಯರ ಉಳೀಲಿ. ನೀನೂ ಬೀದಿಗಿ ಬಿದ್ದರ ನಮಗೇನ್ ಬರ್ತದ?"

ಏರಿದಳು. ಏರಬಾರದಿತ್ತು ಎಂದು ಅವಳಿಗೆ ಆಮೇಲೆ ದಿನಾ ಅನ್ನಿಸಿತು. ಏರದಿದ್ದರೆ ಯಾರಿಗೆ ಏನು ಸಿಗುತ್ತಿತ್ತು? ಮಾನಖುರ್ದದಾಚೆ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಜಾಗ. ಸುತ್ತ ಬೇರೆ ಬೇರೆ ವಸ್ತಿಯಿಂದ ಬಂದ ಜನ, ಯಾರಿಗೂ ಅವಳ ಹೆಸರು ಗೊತ್ತಿಲ್ಲ. ಅಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವಳು ಏಳುತ್ತಿರಲಿಲ್ಲ. ಒಂದೇ ಒಂದು ಸಮಾಧಾನ ಇಟ್ಟುಕೊಂಡಿದ್ದಳು: ತಪ್ಪು ತನ್ನೊಬ್ಬಳದೇ ಅಲ್ಲ, ಎಲ್ಲರೂ ಮನಸ್ಸಾರೆ ಒಪ್ಪಿದ್ದರು, ಎಲ್ಲರಿಗೂ ತನ್ನ ಹಾಗೆಯೇ ಅನ್ನಿಸಿತ್ತು.

ರಜೆಯ ದಿನಗಳಲ್ಲಿ ಅವಳು ಅವರನ್ನು ಹುಡುಕುತ್ತಿದ್ದಳು. ಧಾರಾವಿಯಲ್ಲಿ ಎರಡು ಮನೆಯವರು ಸಿಕ್ಕರು. ಕೆಲವರು ಊರು ಸೇರಿದ್ದರು. ಎಪ್ಪತ್ತೆಂಟರ ಬೇಸಿಗೆಯಲ್ಲಿ, ಬೈಕುಲ್ಲಾ ಮಾರ್ಕೆಟ್ಟಿನ ಹಿಂದಿನ ಗೋಡೆಗೆ ಒರಗಿಸಿ ಕಟ್ಟಿದ ಹರಕು ತಾಡಪತ್ರಿಯ ಜೋಪಡಿಗಳ ಸಾಲಿನಲ್ಲಿ ದಾನವ್ವ ಸಿಕ್ಕಳು. ಉಳ್ಳಾಗಡ್ಡಿ ಆರಿಸುತ್ತ ಕೂತಿದ್ದವಳು ಕಂಡೊಡನೆ ಎದ್ದು, ಗೋಣಿಚೀಲ ಹಾಸಿ ಕೂರಿಸಿದಳು. ಚಂದ್ರಾಮ ಹಮಾಲಿಗೆ ಹೋಗಿದ್ದ. ಮೂರು ಸಲ ಅವರ ಸಾಮಾನನ್ನು ಮುನಿಸಿಪಾಲ್ಟಿಯವರು ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದರು.

"ನಡಿ ನನ್ನ ಸಂಗಟ," ಎಂದಳು ರುದ್ರವ್ವ. "ಹತ್ತು ಹದಿನೈದು ಅದ. ಮೂರೂ ಮಂದಿ ಬರ್ರಿ."

"ಬ್ಯಾಡಕ್ಕಾ. ಅಲ್ಲಿಂದ ಇವರಿಗಿ ಕೆಲಸಕ್ಕ ಬರಲಾಕ ಆಗಂಗಿಲ್ಲ."

"ನನ್ನ ಮ್ಯಾಲ ಸಿಟ್ಟದ ನಿನಗ."

ದಾನವ್ವ ಕೊಳೆತ ಉಳ್ಳಾಗಡ್ಡಿಯೊಂದನ್ನು ಬೇರೆ ಎತ್ತಿಟ್ಟಳು. "ಸಿಟ್ಟಿಲ್ಲ. ಒಂದ್ ಮಾತದ. ಅವತ್ತು ಸಾಹೇಬ ಕೇಳ್ದಾಗ ನಮ್ಮ ಮನಿಯವರು ತಮ್ಮ ಹೆಸರು ಹೇಳ್ಲಾಕ ಬಾಯಿ ತಗದಿದ್ರು. ಕೊರಗಪ್ಪಣ್ಣ ಅವರಿಗೂ ಹೇಳಿದ್ದ. ನಾನೇ ಕೈ ಹಿಚಕಿ ಸುಮ್ ಮಾಡಿದೆ. ನೀ ಹಿಂದ ನಿಂತಿದ್ದಿ. ನಿನಗ ಕೆಟ್ಟ ಅನಸ್ತದಂತ."

ರುದ್ರವ್ವ ಅವಳ ಕೈಯ ಉಳ್ಳಾಗಡ್ಡಿ ತೆಗೆದು ಕೆಳಗಿಟ್ಟಳು. ಮಾರ್ಕೆಟ್ಟಿನ ಗಾಡಿಗಳು ಎದುರಿನಲ್ಲಿ ಹೋಗುತ್ತ ಬರುತ್ತ ಇದ್ದವು.

"ಬ್ಯಾರೆ ಮನಿಯವರಿಗೂ ತಮ್ಮ ಹೆಸರು ಹೇಳಬೇಕಂತ ಇತ್ತೇನು?"

"ಅಗದಿ ಎಲ್ಲರಿಗಲ್ಲ. ಹತ್ತು ಹನ್ನೆರಡು ಮನಿ."

"ಮತ್ತ ಒಬ್ಬರರ ನನಗ ಹೇಳಬಾರದೇನ ದಾನವ್ವಾ? ಶನಿವಾರ ನಿಮ್ಮ ಬಾಗಲಿಗಿ ಬಂದಿದ್ದೆನಲ್ಲ ನಾ!"

ದಾನವ್ವ ತಲೆಯೆತ್ತಿ ಅವಳ ಮುಖ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ.

"ಹೇಳಿದ್ರ ನೀ ಕೇಳ್ತಿದ್ದೇನಕ್ಕಾ?"

ಯಾವ ಮಾತಿಗೂ ತಿರುಗಿ ಮಾತು ಹೇಳದೆ ಬಿಡದ ರುದ್ರವ್ವ, "ಇಲ್ಲ," ಎಂದಳು.