ಎಲುಬಿನ ಹಿಡಿಯ ಚಾಕು

ಮೊನ್ನೆ ಅಂಚೆ ಕಚೇರಿಯಲ್ಲಿ ಯಾರದೋ ಪಾರ್ಸಲ್ಲಿಗೆ ಅರಗು ಕಾಯಿಸಿ ಮುದ್ರೆ ಒತ್ತುತ್ತಿದ್ದರು. ಆ ಕಮಟು ಹೊಗೆ ಮೂಗಿಗೆ ಬಿದ್ದದ್ದೇ ತಡ, ನನ್ನ ಸರದಿ ಬಂದದ್ದೂ ತಿಳಿಯದೆ ನಿಂತುಬಿಟ್ಟೆ. ಮಾನ್ವಿಯ ನಮ್ಮ ಮನೆಯ ದನದ ಕೊಟ್ಟಿಗೆ, ಒಡೆದ ಹಂಚಿನ ಮೇಲೆ ನಾಲ್ಕು ಕೆಂಡ, ಅದರ ಮೇಲೆ ಕರಗುತ್ತಿದ್ದ ಅರಗಿನ ಬಳೆಯ ಚೂರು, ಬೊಬ್ಬೆ ಎದ್ದ ನನ್ನ ಹೆಬ್ಬೆರಳು ಎಲ್ಲ ಒಟ್ಟಿಗೇ ಎದುರು ಬಂದವು. ನಿಮಗೂ ಹೀಗಾಗುತ್ತಿರಬೇಕು. ಹೋದ ಮನೆ ಹೇಳಿ ಕೇಳಿ ಬರುವುದಿಲ್ಲ, ವಾಸನೆಯ ಬೆನ್ನು ಹತ್ತಿ ಬರುತ್ತದೆ. ಹಿಂದೆ ನಿಂತವರು "ಮುಂದ ನಡೀರಿ ಅಜ್ಜಿ" ಎಂದರು.

ದೊಡ್ಡ ಯುದ್ಧ ಮುಗಿದ ಮರುವರ್ಷ ನನಗೆ ಹತ್ತೋ ಹನ್ನೊಂದೋ ವಯಸ್ಸು. ಅಪ್ಪ ದೇವದುರ್ಗದಲ್ಲಿ ಮಾಸ್ತರಿಕೆ ಮಾಡುತ್ತಿದ್ದ, ಅವ್ವ ಅವನ ಜೊತೆಗಿದ್ದಳು, ನಾನು ಮಾನ್ವಿಯಲ್ಲಿ ಅಜ್ಜಿಯ ಹತ್ತಿರ. ತಲೆ ಬೋಳಿಸಿ ಕೆಂಪು ಸೀರೆ ಉಟ್ಟ ಅಜ್ಜಿಗೆ ಮಡಿಯೆಂದರೆ ಮಡಿ. ನಾನು ಶಾಲೆಯಿಂದ ಬಂದರೆ ಬಾವಿಯ ನೀರು ಸುರಿದ ಮೇಲೆಯೇ ಒಳಗೆ. ಅಂಥ ಮನೆಗೆ ಅಪ್ಪನ ತಮ್ಮ, ಶೀನು ಕಾಕಾ, ಬರ್ಮಾದ ಯುದ್ಧದಿಂದ ಒಂದು ಚಾಕು ಹಿಡಿದು ಬಂದ. ಬರೀ ಚಾಕಲ್ಲ ಅದು. ಒಂದೇ ಹಿಡಿಯೊಳಗೆ ಅಲಗು, ಡಬ್ಬಿ ತೆರೆಯುವ ಕೊಕ್ಕೆ, ದಬ್ಬಣ, ತಿರುಪು ತಿರುಗಿಸುವ ಚಪ್ಪಟೆ ಕಡ್ಡಿ ಮಡಿಚಿಕೊಂಡಿದ್ದವು. ಹಿಡಿ ಮಾತ್ರ ಎಲುಬಿನದು. ಅಜ್ಜಿ ಬಾಗಿಲಲ್ಲೇ ತಡೆದಳು.

"ಶೀನ್ಯಾ, ಆ ಎಲುಬು ತಗೊಂಡು ಹೊಸ್ತಿಲಾ ದಾಟಬ್ಯಾಡ. ಒಳಗ ದೇವರಮನಿ ಅದ."

"ಹಂಗಾದ್ರ ನಾನೂ ಹೊರಗ ಇರ್ತೀನಿ ಬಿಡು, ಅವ್ವಾ."

ಹುಡುಗಾಟಕ್ಕೆ ಅಂದದ್ದು ಅಂದುಕೊಂಡೆವು. ಅವನು ನಿಜವಾಗಿಯೂ ಹೊರಗೇ ಉಳಿದ. ಚಾಕು ಬಿಟ್ಟು ಒಳಗೆ ಬರಲೊಲ್ಲ, ಚಾಕಿನ ಸಮೇತ ಅಜ್ಜಿ ಬಿಡಲೊಲ್ಲಳು. ದಾರಿಹೋಕನ ಹಾಗೆ ಕಟ್ಟೆಯ ಮೇಲೆ ಉಣ್ಣುತ್ತಿದ್ದ, ಅಜ್ಜಿ ಮೇಲಿನಿಂದ ರೊಟ್ಟಿ ಹಾಕುತ್ತಿದ್ದಳು, ಹಾಕಿ ಒಳಗೆ ಬಂದು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕಾಕಾ ಕೂತರೆ ಅಲಗು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಎದ್ದರೆ ಬಾಗಲವಾಡದ ದಾರಿಯಲ್ಲಿ ಬಿಸಿಲು ನೋಡದೆ ನಡೆದೇ ನಡೆಯುವುದು. ರಾಯಚೂರಿನ ರೈಲ್ವೆಯಲ್ಲಿ ಕೆಲಸ ಸಿಕ್ಕರೆ ಹೊರಟುಬಿಡುತ್ತೇನೆ ಎನ್ನುತ್ತಿದ್ದ. ಆ ಮನೆಯಲ್ಲಿ ನನ್ನ ಜೊತೆ ನಗುತ್ತಿದ್ದವನು ಅವನೊಬ್ಬನೇ.

ಒಂದು ದಿನ ಕೆಲಸ ವಿಚಾರಿಸಲು ರಾಯಚೂರಿಗೆ ಹೊರಟ. ದಾರಿಯಲ್ಲಿ ಪೊಲೀಸರು ಚಾಕು ಕಸಿದಾರೆಂದು ನನ್ನ ಕೈಗೆ ಕೊಟ್ಟು, "ಜ್ವಾಕಿ, ಇಂದೂ. ಯಾರ ಕೈಗೂ ಕೊಡಬ್ಯಾಡ" ಎಂದ. ಮೂರು ದಿನ ಬರುವುದಿಲ್ಲ. ನನ್ನ ತಲೆಯಲ್ಲಿ ಆಗಲೇ ಹುಳು ಹೊಕ್ಕಿತ್ತು: ಎಲುಬು ಹೋದರೆ ಜಗಳ ಹೋಯಿತು, ಜಗಳ ಹೋದರೆ ಕಾಕಾ ಉಳಿದ.

ಬಡಿಗೇರ ಮನೆಯಿಂದ ಅರ, ಸಣ್ಣ ಗರಗಸ ಕೇಳಿ ತಂದು ಕೊಟ್ಟಿಗೆಯಲ್ಲಿ ಕೂತೆ. ಮೊಳೆಗಳ ತಲೆ ಉಜ್ಜಿ ಉಜ್ಜಿ ಸವೆಸಿ, ಹಿಡಿಯ ಎರಡೂ ಕಡೆಯ ಎಲುಬಿನ ಪಟ್ಟಿ ಎಬ್ಬಿಸಿದೆ. ಒಂದರ ಮೇಲೆ ಏನೋ ಗೀರಿತ್ತು. ಕನ್ನಡವಲ್ಲ, ಶಾಲೆಯಲ್ಲಿ ಕಲಿಸುತ್ತಿದ್ದ ಉರ್ದುವೂ ಅಲ್ಲ. ಉಪಯೋಗಿಸಿ ಬಿದ್ದ ಗೀರು ಅಂದುಕೊಂಡು ಎರಡನ್ನೂ ಹಿತ್ತಲ ತಿಪ್ಪೆಗೆ ಎಸೆದೆ. ಉಣ್ಣಲು ಕೂರುವ ಹಳೆಯ ಸಾಗವಾನಿ ಮಣೆ ಒಡೆದು ಬಿದ್ದಿತ್ತು, ಅದರಿಂದ ಎರಡು ತೆಳು ಪಟ್ಟಿ ಕೊಯ್ದೆ. ಮೊದಲನೆಯದು ಮೊಳೆ ಹೊಡೆದ ಕೂಡಲೇ ಸೀಳಿತು. ಅತ್ತುಬಿಟ್ಟೆ, ಬೈದುಕೊಂಡೆ, ಮತ್ತೆ ಕೊಯ್ದೆ. ಈ ಸಲ ಚಾಕಿನದೇ ದಬ್ಬಣ ಕೆಂಪಗೆ ಕಾಯಿಸಿ ತೂತು ಕೊರೆದೆ. ಒಡೆದ ಕಂದೀಲಿನ ಗಾಜಿನಿಂದ ಹೆರೆದು ನುಣುಪು ಮಾಡಿದೆ. ಅರಗು ಹಾಕಿ ಅಂಟಿಸಿದರೆ ಅದು ಒಳಗೆ ಇಳಿದು ಅಲಗೇ ತೆರೆಯದಾಯಿತು; ಮತ್ತೆ ಕಾಯಿಸಿ ಸೂಜಿಯಿಂದ ಕೆದಕಿದೆ. ಕೊನೆಗೆ ಕುಸುಬಿ ಎಣ್ಣೆ ತಿಕ್ಕಿದಾಗ ಮರದ ಗೆರೆಗಳು ಎದ್ದು ಬಂದವು. ಒಂದು ಕಡೆ ದಪ್ಪ, ಒಂದು ಕಡೆ ತೆಳುವು, ಆದರೂ ನನ್ನ ಕಣ್ಣಿಗೆ ಅದರಂಥ ಚಾಕು ನಿಜಾಮನ ಅರಮನೆಯಲ್ಲೂ ಇರಲಾರದು.

ಅಜ್ಜಿಗೆ ತೋರಿಸಿದೆ. ಮುಟ್ಟದೆ, ಬಾಗಿ, ನನ್ನ ಕೈಯಿಂದಲೇ ತಿರುತಿರುಗಿಸಿ ನೋಡಿದಳು. "ನಮ್ಮ ಮಣಿ ಅಲ್ಲೇನು ಇದು! ಈಗ ಮನಿಯೊಳಗಿನ ಸಾಮಾನು ಆತು. ಬರಲಿ ಅಂವ" ಎಂದು ಅವತ್ತೇ ಹೂರಣ ರುಬ್ಬಿದಳು.

ಕಾಕಾ ಬಂದದ್ದು ಅದೇ ದಿನ ಮಟಮಟ ಮಧ್ಯಾಹ್ನ. ಕೆಲಸ ಸಿಕ್ಕಿತ್ತು, ಹತ್ತು ದಿನದೊಳಗೆ ಹಾಜರಾಗಬೇಕಿತ್ತು. ನಾನು ಹಿಗ್ಗಿನಿಂದ ಚಾಕು ಅವನ ಕೈಗಿಟ್ಟೆ. ಹೆಬ್ಬೆರಳಿಂದ ಮರವನ್ನು ಸವರಿದ. ಆ ಬೆರಳು ಏನನ್ನೋ ಹುಡುಕುತ್ತಿತ್ತು.

"ಹಳೀ ಹಿಡಿ ಎಲ್ಲಿ ಒಗದಿ?"

"ತಿಪ್ಪ್ಯಾಗ."

ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿತ್ತಲಿಗೆ ಓಡಿ, ಮೊಣಕಾಲೂರಿ ಸಗಣಿ ಬೂದಿಯನ್ನು ಎರಡೂ ಕೈಯಿಂದ ತೋಡತೊಡಗಿದ. ಅಜ್ಜಿ ಹಿಂದೆಯೇ ಬಂದು ದೂರ ನಿಂತಳು.

"ಏನಿತ್ತೋ ಅದರಾಗ?"

"ಕರ್ತಾರನ ಹೆಸರು. ಪಂಜಾಬದಾಂವ. ಚಾಕು ಅವಂದ. ತನ್ನ ಕೈಲೆ ಬರದಿದ್ದ." ಕಾಕಾ ತೋಡುತ್ತಲೇ ಇದ್ದ. "ನನ್ನ ಮಗ್ಗಲದಾಗ ಸತ್ತ, ಅವ್ವಾ. ಸುಡಲಿಕ್ಕೂ ಆಗಲಿಲ್ಲ. ಹಂಗ ಬಿಟ್ಟು ಬಂದ್ವಿ."

"ತಾಯಿ ಇದ್ದಾಳೇನು ಅವಗ?"

"ಇದ್ದಾಳ."

ಅಜ್ಜಿ ಮಡಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ತಿಪ್ಪೆಗೆ ಇಳಿದು ಕೂತು, ಕೈ ಹಾಕಿದಳು. ನಾನು ಅಳುತ್ತಾ ಇನ್ನೊಂದು ಕಡೆ ಕೆದರಿದೆ. ಹೊತ್ತು ವಾಲುವ ತನಕ ಹುಡುಕಿದೆವು. ಹೆಸರಿದ್ದ ಪಟ್ಟಿ ಸಿಕ್ಕದ್ದು ಅಜ್ಜಿಗೆ. ತನ್ನ ಸೆರಗಿನಿಂದಲೇ ಒರೆಸಿ, ಅಂಗೈ ಮೇಲಿಟ್ಟುಕೊಂಡು, ತನಗೆ ಓದಲು ಬಾರದ ಆ ಗೀರುಗಳನ್ನು ನೋಡಿದಳು. ಆಮೇಲೆ ಎಲುಬನ್ನು ಹಿಡಿದುಕೊಂಡೇ ಹೊಸ್ತಿಲು ದಾಟಿ, ತಿರುಗಿ ನೋಡಿ, "ಬಾ, ಶೀನ್ಯಾ. ಹೋಳಿಗಿ ಆರಿ ಹೋದ್ವು. ಆ ಕರ್ತಾರನ್ನೂ ಕರಕೊಂಡು ಬಾ" ಎಂದಳು.

ಎಂಟು ದಿನ ಕಾಕಾ ಒಳಗೆ ಉಂಡ. ದಿನಾ ಅವನ ಪಕ್ಕ ಇನ್ನೊಂದು ಎಲೆ ಹಾಸಿ ಅಜ್ಜಿ ಬಡಿಸುತ್ತಿದ್ದಳು, ನನ್ನನ್ನು ಆ ಕಡೆ ಕೂರಗೊಡುತ್ತಿರಲಿಲ್ಲ. ಒಂಬತ್ತನೆಯ ದಿನ ಅವನು ಹೋದ. ಅವನು ಹೋದ ಮೇಲೆಯೂ ಅಜ್ಜಿ ಬಹಳ ದಿನ ಆ ಎರಡೂ ಎಲೆ ಹಾಕುತ್ತಿದ್ದಳು.